ಇಳಿದು ನೋಡುವ ಡ್ರೈವರ್

ನೂಲಣ್ಣನ ಕೈಗೆ ದೊಡ್ಡ ಗಾಡಿಯ ಲೈಸೆನ್ಸ್ ಬಂದಾಗ ಅವನ ತಲೆಯಲ್ಲಿ ಕಪ್ಪು ಕೂದಲನ್ನು ಹುಡುಕಬೇಕಾಗಿತ್ತು. ಲೈಸೆನ್ಸಿನ ಫೋಟೋದಲ್ಲಿಯೂ ಅವನು ಹೊಸದಾಗಿ ಪಾಸಾದವನಂತೆ ಕಾಣುತ್ತಿರಲಿಲ್ಲ. ಯಾರದೋ ಬೀಳ್ಕೊಡುಗೆ ಸಭೆಯಲ್ಲಿ ಭಾಷಣ ಮುಗಿಯುವುದನ್ನೇ ಕಾಯುತ್ತ ಕುಳಿತವನಂತೆ ಕಾಣುತ್ತಿದ್ದ. ಹೆಂಡತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಸ್ವಲ್ಪ ನಗಬಾರದಾಗಿತ್ತಾ?" ಎಂದಳು.

"ನಗೋ ಹೊತ್ತಿಗೆ ಅವನು ತೆಗೆದು ಮುಗಿಸಿದ್ದ," ಎಂದ ನೂಲಣ್ಣ.

ನೂಲಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಗಿರಣಿ ಇಟ್ಟದ್ದು. ಮೀಸೆ ಸರಿಯಾಗಿ ಮೂಡುವ ಮೊದಲೇ ಅವನು ನೂಲಿನ ಗಿರಣಿ ಸೇರಿದ್ದ. ಸಾಲು ಸಾಲು ಯಂತ್ರಗಳ ನಡುವೆ ಓಡಾಡುತ್ತ ಎಲ್ಲಿ ಎಳೆ ಕಡಿದಿದೆಯೋ ಅಲ್ಲಿ ಹಿಡಿದು ಗಂಟು ಹಾಕುವುದು ಅವನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ನಡೆದರೂ ಆ ಒಂದೇ ಶೆಡ್ಡಿನ ಗೋಡೆಗಳನ್ನು ದಾಟಿದವನಲ್ಲ. ಊಟದ ಬಿಡುವಿನಲ್ಲಿ ಹಿಂಬಾಗಿಲಿಗೆ ಬಂದು ನಿಂತರೆ ನೂಲಿನ ಮೂಟೆಗಳನ್ನು ತುಂಬಿಕೊಂಡ ಲಾರಿಗಳು ಹೊರಡುವುದು ಕಾಣುತ್ತಿತ್ತು. ಡ್ರೈವರುಗಳು ಮೇಲೆ ಕುಳಿತು, ಒಂದು ಮೊಣಕೈಯನ್ನು ಕಿಟಕಿಗೆ ಊರಿ, ಯಾರಿಗೂ ಉತ್ತರ ಹೇಳಬೇಕಾಗಿಲ್ಲದವರಂತೆ ಹೋಗಿಬಿಡುತ್ತಿದ್ದರು. ಆ ಮೊಣಕೈಯ ಮೇಲೆ ನೂಲಣ್ಣನಿಗೆ ಬಹಳ ದಿನಗಳಿಂದ ಆಸೆ.

ಒಂದು ಬೆಳಿಗ್ಗೆ ಗಿರಣಿಗೆ ಬೀಗ ಬಿತ್ತು. ಕೂಡಿ ದುಡಿದವರು ದಿಕ್ಕಿಗೊಬ್ಬರಾದರು. ಕೆಲವರು ತರಕಾರಿ ಗಾಡಿ ತಳ್ಳಿದರು, ಕೆಲವರು ಮಕ್ಕಳ ಮನೆ ಸೇರಿದರು. ನೂಲಣ್ಣ ಮಾತ್ರ ಯಾರೂ ಎಣಿಸದ ಕೆಲಸ ಮಾಡಿದ. ಡ್ರೈವಿಂಗ್ ಶಾಲೆಗೆ ಸೇರಿದ.

ಕಲಿಸುವವನು ಅವನ ಅರ್ಧ ವಯಸ್ಸಿನವನು. ಶಿಷ್ಯನು ಗುರುವನ್ನು 'ಸರ್' ಎನ್ನುತ್ತಿದ್ದ, ಗುರುವು ಶಿಷ್ಯನನ್ನು 'ಅಂಕಲ್' ಎನ್ನುತ್ತಿದ್ದ. "ಅಂಕಲ್, ಅದು ಕ್ಲಚ್ಚು, ಇರುವೆ ತುಳಿದ ಹಾಗೆ ತುಳೀಬೇಡಿ," ಎಂದು ಬೈದರೂ ಹುಡುಗ ಮನಸ್ಸಿಟ್ಟು ಕಲಿಸಿದ. ಲಾರಿಯನ್ನು ಹಿಂದಕ್ಕೆ ತೆಗೆಯುವ ಪಾಠದಲ್ಲಿ ಅವನದು ಒಂದೇ ಮಾತು: "ಅನುಮಾನ ಬಂತಾ, ನಿಲ್ಲಿಸಿ, ಇಳಿದು ನೋಡಿ. ನಾಚಿಕೊಂಡು ಕೂತರೆ ಗೋಡೆ ಏನೂ ಜಾಗ ಬಿಡಲ್ಲ." ಎಳೆ ಕಡಿದಿರಬಹುದೆಂಬ ಅನುಮಾನ ಬಂದೊಡನೆ ಹತ್ತಿರ ಹೋಗಿ ನೋಡುವುದು ನೂಲಣ್ಣನ ಮೈಗೆ ಹತ್ತಿದ ಅಭ್ಯಾಸವೇ ಆಗಿತ್ತು. ಆದ್ದರಿಂದ ಈ ಪಾಠವೊಂದು ಅವನಿಗೆ ಸಲೀಸಾಗಿ ತಲೆಗೆ ಹೋಯಿತು. ಮಿಕ್ಕವೆಲ್ಲ ಬೆವರು ಸುರಿಸಿ ಕಲಿತದ್ದು.

ಆಮೇಲೆ ಶುರುವಾದದ್ದು ಕೆಲಸ ಹುಡುಕುವ ಕೆಲಸ.

ಸಾಗಣೆ ಕಚೇರಿಗಳಿದ್ದ ಬೀದಿಯಲ್ಲಿ ಅವನು ಹತ್ತದ ಮೆಟ್ಟಿಲು ಉಳಿಯಲಿಲ್ಲ. ಎಲ್ಲ ಕಚೇರಿಗಳೂ ಒಂದೇ ಬಗೆ: ಎಣ್ಣೆ ಹತ್ತಿದ ಬಾಗಿಲು, ಕಾಲು ಮುರಿದ ಬೆಂಚು, ತಿರುಗಿದರೂ ಗಾಳಿ ಬಾರದ ಫ್ಯಾನು. ಒಳಗೆ ಕಾಲಿಟ್ಟಾಗ ಮೊದಲು ಮರ್ಯಾದೆ ಸಿಗುತ್ತಿತ್ತು. ನರೆತ ತಲೆಯನ್ನು ಕಂಡು, ರಸ್ತೆ ತಿಂದು ನೀರು ಕುಡಿದ ಹಳೆಯ ಡ್ರೈವರ್ ಎಂದೇ ಭಾವಿಸಿ, "ಬನ್ನಿ, ಕೂತ್ಕೊಳ್ಳಿ," ಎನ್ನುತ್ತಿದ್ದರು. ಎಷ್ಟು ವರ್ಷದ ಅನುಭವ ಎಂಬ ಪ್ರಶ್ನೆಗೆ ಅವನು ನಿಜ ಹೇಳಿದ ಕೂಡಲೇ ಆ ಮರ್ಯಾದೆ ಬಂದ ದಾರಿಯಲ್ಲೇ ಹಿಂತಿರುಗುತ್ತಿತ್ತು.

ಒಬ್ಬ ಗುಮಾಸ್ತನಂತೂ ಬಿಡಿಸಿ ಹೇಳಿಯೇಬಿಟ್ಟ. "ನೋಡಿ ಸ್ವಾಮಿ, ಹೊಸಬರನ್ನ ತಗೊಳ್ತೀವಿ, ಆದ್ರೆ ಹುಡುಗರಾಗಿರಬೇಕು. ವಯಸ್ಸಾದವರನ್ನೂ ತಗೊಳ್ತೀವಿ, ಪಳಗಿರಬೇಕು. ನೀವು ಎರಡು ಕಡೆಗೂ ಸಲ್ಲೋದಿಲ್ವಲ್ಲ!"

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು, ಲೆಕ್ಕದ ಮಾತು. ಆದ್ದರಿಂದಲೇ ಹೆಚ್ಚು ನಾಟಿತು. ಹೊರಗೆ ಬಂದ ನೂಲಣ್ಣ ಸ್ವಲ್ಪ ಹೊತ್ತು ಆ ಕಚೇರಿಯ ಮೆಟ್ಟಿಲ ಮೇಲೆಯೇ ಕುಳಿತ. ಎಲ್ಲಿಗೆ ಹೋಗಬೇಕೆಂದು ತೋಚಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಏಳಬೇಕೆಂದೇ ಅನ್ನಿಸಲಿಲ್ಲ.

ಮನೆಯಲ್ಲಿ ಇನ್ನೊಂದು ಇಕ್ಕಟ್ಟು ಕಾದಿತ್ತು. ಅವನ ಹೆಂಡತಿಯ ತಮ್ಮ ದೊಡ್ಡ ದೊಡ್ಡ ಕಟ್ಟಡಗಳಲ್ಲಿ ನಲ್ಲಿ ರಿಪೇರಿ ಮಾಡುವವನು. ಭಾವನ ಪಾಡು ನೋಡಲಾರದೆ ಒಂದು ಬಹುಮಹಡಿ ಕಟ್ಟಡದಲ್ಲಿ ಕಾವಲುಗಾರನ ಕೆಲಸ ಗೊತ್ತು ಮಾಡಿಕೊಂಡು ಬಂದಿದ್ದ.

"ಸೋಮವಾರದಿಂದ ಬರಬೇಕಂತೆ ಭಾವ. ಗೇಟಿನ ಹತ್ತಿರ ಕುರ್ಚಿ ಹಾಕಿ ಕೊಡ್ತಾರೆ, ನೆರಳಿದೆ. ಕಾರು ಬಂದ್ರೆ ಗೇಟು ತೆಗಿ, ಹೋದ್ರೆ ಹಾಕು. ಮುಗೀತು."

"ಕಾರಿನೋರು ಹೋಗೋದನ್ನ ನಾನು ಕೂತು ನೋಡ್ಬೇಕು," ಎಂದ ನೂಲಣ್ಣ.

"ನೋಡಿದ್ರೆ ಕಣ್ಣು ಸವೆದು ಹೋಗುತ್ತಾ? ಈ ವಯಸ್ಸಲ್ಲಿ ಲಾರಿ ಲಾರಿ ಅಂತ ಬೀದಿ ಬೀದಿ ಅಲೀತಿದ್ದೀರಿ. ನನ್ನ ಸ್ನೇಹಿತರು ಕೇಳ್ತಾರೆ, ನಿಮ್ಮ ಭಾವನಿಗೆ ಯಾವ ಲಾರಿ ಸಿಕ್ತು ಅಂತ. ಏನ್ ಹೇಳ್ಲಿ?"

"ಯಾವುದನ್ನೂ ಹತ್ತಿಲ್ಲ, ಇನ್ನೂ ಕಾಯ್ತಿದ್ದಾರೆ ಅಂತ ಹೇಳು."

ಹೆಂಡತಿ ಕಿಟಕಿಯ ಬಳಿ ಕುಳಿತು ಅಂಗಡಿಯವರ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಗಿರಣಿ ಮುಚ್ಚಿದಂದಿನಿಂದ ಮನೆಯ ಒಲೆ ಉರಿಯುತ್ತಿದ್ದದ್ದು ಆ ಗುಂಡಿಗಳಿಂದಲೇ. ಅವಳು ಹಲ್ಲಿನಿಂದ ದಾರ ಕಡಿದು, "ಸೋಮವಾರದವರೆಗೂ ಅವರನ್ನ ಬಿಟ್ಟುಬಿಡೋ," ಎಂದಳು. ಆಮೇಲೆ ಗಂಡನ ಕಡೆ ನೋಡದೆಯೇ ಸೇರಿಸಿದಳು: "ಅಷ್ಟರೊಳಗೆ ಆಗದಿದ್ರೆ ಅಲ್ಲಿಗೇ ಹೋಗಿ. ನನ್ನ ಕಣ್ಣೂ ಸೋತಿದೆ."

ನೂಲಣ್ಣ ಹೂಂ ಎಂದ.

ಶನಿವಾರ ಅವನು ಹೋದದ್ದು ಬಸ್ಸು ಮುಟ್ಟದ ಹೊರವಲಯದ ಒಂದು ಸರಕಿನ ಯಾರ್ಡಿಗೆ. ಬಸ್ಸಿಳಿದು ಬಿಸಿಲಲ್ಲಿ ಬಹಳ ದೂರ ನಡೆಯಬೇಕಾಯಿತು. ಗೇಟಿನ ಒಳಗೆ ದೊಡ್ಡ ಬಯಲು, ಆಚೆ ತಗಡಿನ ಗೋಡೌನು, ಅದರ ಮುಂದೆ ಸರಕು ಇಳಿಸುವ ಎತ್ತರದ ಕಟ್ಟೆ. ಕಟ್ಟೆಯ ಒಂದೊಂದು ಬಾಗಿಲಿಗೂ ಲಾರಿಯನ್ನು ಹಿಂದುಮುಂದಾಗಿ ತಂದು ನಿಲ್ಲಿಸಬೇಕು. ಸೂಪರ್‌ವೈಸರ್ ಬಯಲಿನ ನಡುವೆ ನಿಂತು ಎರಡು ಫೋನುಗಳಲ್ಲಿ ಒಟ್ಟಿಗೆ ಜಗಳವಾಡುತ್ತಿದ್ದ. ನೂಲಣ್ಣನನ್ನು ಕಂಡು ಒಂದು ಫೋನನ್ನು ಕಿವಿಯಿಂದ ಇಳಿಸಿದ.

"ಡ್ರೈವರಾ ಯಜಮಾನ್ರೇ? ದೊಡ್ಡ ಗಾಡಿ ಲೈಸೆನ್ಸ್ ಇದೆಯಾ?"

"ಇದೆ."

ಸೂಪರ್‌ವೈಸರ್ ಲೈಸೆನ್ಸನ್ನು ನೋಡಲಿಲ್ಲ, ತಲೆಯನ್ನು ನೋಡಿದ. "ದೇವರು ಕಳಿಸಿದ ಹಾಗೆ ಬಂದ್ರಿ. ಹುಡುಗರನ್ನ ನಂಬಿ ನನ್ನ ಅರ್ಧ ಗೋಡೆ ಉಳಿದಿಲ್ಲ. ನಿಮ್ಮಂಥ ಹಳಬರೇ ಬೇಕಾಗಿತ್ತು."

ನೂಲಣ್ಣ ಬಾಯಿ ತೆರೆದ. ತೆರೆದ ಬಾಯಿಯಲ್ಲಿ ನಿಜವೇ ಇತ್ತು. ಅಷ್ಟರಲ್ಲಿ ಭಾಮೈದ ಹೇಳಿದ ಗೇಟಿನ ಪಕ್ಕದ ಕುರ್ಚಿ ಕಣ್ಣ ಮುಂದೆ ಬಂದು ನಿಂತಿತು. ನಡೆದು ನಡೆದು ಕಾಲಿನ ಮೀನಖಂಡ ಬೇರೆ ನೋಯುತ್ತಿತ್ತು. ಬಾಯಿ ಮುಚ್ಚಿದ.

"ಅಗೋ, ಆ ಗಾಡಿಯನ್ನ ಮೂರನೇ ಬಾಗಿಲಿಗೆ ಹಚ್ಚಿ ತೋರಿಸಿ. ಆಮೇಲೆ ಮಿಕ್ಕ ಮಾತು."

ಆ ಗಾಡಿಯ ಡ್ರೈವರನ್ನು ಯಾರ್ಡಿನವರು ಬ್ಯಾಟರಿ ಎಂದು ಕರೆಯುತ್ತಿದ್ದರು. ಎಲ್ಲಿ ಕುಳಿತರೂ ಅಲ್ಲೇ ಕಣ್ಣು ಮುಚ್ಚಿ 'ಚಾರ್ಜ್ ಮಾಡ್ಕೊಳ್ತಾ ಇದ್ದೀನಿ' ಎನ್ನುವ ಮನುಷ್ಯ. ದೂರದ ಊರಿನಿಂದ ಗಾಡಿ ತಂದವನು ತನ್ನ ಸರದಿಗಾಗಿ ಬೆಳಗಿನಿಂದ ಕಾಯುತ್ತ, ಒಂದು ಹಳೆಯ ಟೈರಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ಕಣ್ಣುಗಳು ಕೆಂಡದಂತಿದ್ದವು. ಬೀಗದ ಕೈಯನ್ನು ನೂಲಣ್ಣನತ್ತ ಎಸೆದು, "ಹೋಗಿ ಗುರುವೇ, ನಿಮ್ಮ ಕೈಚಳಕ ನೋಡೋಣ," ಎಂದ.

ನೂಲಣ್ಣ ಹತ್ತಿ ಕುಳಿತ. ಡ್ರೈವಿಂಗ್ ಶಾಲೆಯ ಲಾರಿ ಇದರ ಮುಂದೆ ಆಟಿಕೆ. ಕನ್ನಡಿಯಲ್ಲಿ ಮೂರನೆಯ ಬಾಗಿಲು ಬೆಂಕಿಪೆಟ್ಟಿಗೆಯಷ್ಟು ಕಾಣಿಸಿತು. ಗಾಡಿ ನಾಲ್ಕು ಮಾರು ಹಿಂದಕ್ಕೆ ಸರಿಯಿತು. ಬಾಗಿಲಿನ ಎಡಗಡೆಯ ಕಂಬ ಕನ್ನಡಿಯಿಂದ ಮಾಯವಾಯಿತು. ಅನುಮಾನ ಬಂತು. ನಿಲ್ಲಿಸಿದ; ಇಳಿದ; ಹಿಂದೆ ಹೋಗಿ ಬಗ್ಗಿ ನೋಡಿದ; ಬಂದು ಹತ್ತಿದ. ಇನ್ನೊಂದಿಷ್ಟು ಸರಿಸಿದ. ಮತ್ತೆ ಇಳಿದ.

ಪಳಗಿದ ಡ್ರೈವರುಗಳು ಹಾಗೆ ಇಳಿಯುವವರಲ್ಲ. ಹಿಂದೆ ನಿಂತವರ ಕೂಗಿಗೆ ಕಿವಿಗೊಟ್ಟು, ಕನ್ನಡಿಗೆ ಕಣ್ಣು ಕೊಟ್ಟು, ಒಂದೇ ಉಸಿರಿಗೆ ಗಾಡಿಯನ್ನು ಒಳಗೆ ನುಗ್ಗಿಸುತ್ತಾರೆ. ಇಳಿದು ನೋಡುವುದೆಂದರೆ ಕಲಿಯುವವನೆಂದು ಹಣೆಯ ಮೇಲೆ ಬರೆದುಕೊಂಡ ಹಾಗೆ. ಅದು ಇಡೀ ಯಾರ್ಡಿಗೆ ಗೊತ್ತಿತ್ತು, ನೂಲಣ್ಣನಿಗೊಬ್ಬನಿಗೆ ಗೊತ್ತಿರಲಿಲ್ಲ.

ಮೂಟೆ ಹೊರುವವರು ಮೂಟೆ ಇಳಿಸಿ ನಿಂತರು. ಬ್ಯಾಟರಿ ಚಹಾದ ಲೋಟ ಕೆಳಗಿಟ್ಟ. "ಏನು ಯಜಮಾನ್ರೇ, ದಾರೀಲಿ ಏನಾದ್ರೂ ಬೀಳಿಸ್ಕೊಂಡ್ರಾ?"

ನೂಲಣ್ಣ ಹತ್ತಿ ಇನ್ನಷ್ಟು ಹಿಂದಕ್ಕೆ ಸರಿಸಿದ. ಮತ್ತೆ ಇಳಿದಾಗ ಬ್ಯಾಟರಿ ಎಲ್ಲರಿಗೂ ಕೇಳುವಂತೆ ಸಾರಿದ: "ಗಾಡಿಗಿಂತ ಇವರೇ ಜಾಸ್ತಿ ದೂರ ಓಡಿದ್ದಾರೆ ಕಣ್ರೋ! ಡೀಸೆಲ್ ಇವರಿಗೇ ಹಾಕ್ಬೇಕು!"

ಕಟ್ಟೆಯ ಮೇಲೆಲ್ಲ ನಗು. ಆದರೂ ಕಂಬ ಕಾಣಿಸದಾದಾಗ ನೂಲಣ್ಣ ಇಳಿದೇ ಇಳಿದ. ಕೊನೆಗೂ ಗಾಡಿ ಕಟ್ಟೆಗೆ ಮೆತ್ತಗೆ ತಾಗಿ ನಿಂತಿತು. ಎಲ್ಲಿಯೂ ಒಂದು ಗೀರು ಬೀಳಲಿಲ್ಲ. ಆದರೆ ಸೂಪರ್‌ವೈಸರ್ ಆ ಹೊತ್ತಿಗೆ ಎರಡೂ ಫೋನುಗಳನ್ನು ಜೇಬಿಗಿಟ್ಟುಕೊಂಡಿದ್ದ.

"ಎಲ್ಲಿ, ಲೈಸೆನ್ಸ್ ಕೊಡಿ." ನೋಡಿದ. ಹಿಂದುಮುಂದು ತಿರುಗಿಸಿ ನೋಡಿದ. "ಅಲ್ಲಾ ಸ್ವಾಮಿ, ಇದರ ಬಿಸಿ ಇನ್ನೂ ಆರಿಲ್ಲ! ಹೊಸಬ ಅಂತ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ," ಎಂದ ನೂಲಣ್ಣ. ಹೇಳಿದ ಕೂಡಲೇ ಆ ಮಾತು ತನಗೇ ಹಿಡಿಸಲಿಲ್ಲ. "ಇಲ್ಲ, ನಾನೇ ಹೇಳ್ಬೇಕಾಗಿತ್ತು. ಹೇಳಿದ ಕಡೆಯೆಲ್ಲ ಎದ್ದು ಹೋಗಿ ಅಂದ್ರು. ಹೇಳಿ ಹೇಳಿ ಸಾಕಾಗಿತ್ತು. ತಪ್ಪಾಯ್ತು."

"ನಾನು ನಿಮ್ಮನ್ನ ರಸ್ತೆಗೆ ಬಿಟ್ಟಿದ್ರೆ ಏನ್ ಗತಿ? ತಲೆ ನೋಡಿ ಮೋಸ ಹೋದೆ."

"ತಲೆ ಮಾತ್ರ ಹಳೇದು," ಎಂದು ನೂಲಣ್ಣ ಲೈಸೆನ್ಸನ್ನು ಹಿಂದಕ್ಕೆ ಪಡೆದು ಅಂಗಿಯ ಜೇಬಿಗೆ ಸೇರಿಸಿದ. ಜಗಳವಾಡುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ. ಬೀಗದ ಕೈಯನ್ನು ಬ್ಯಾಟರಿಗೆ ಒಪ್ಪಿಸಿ ಗೇಟಿನ ಕಡೆ ಹೆಜ್ಜೆ ಹಾಕಿದ.

ಬೀಗದ ಕೈಯನ್ನು ಅಂಗೈಯಲ್ಲಿ ಹಿಡಿದ ಬ್ಯಾಟರಿ ಈ ಸಲ ನಗಲಿಲ್ಲ. ಇನ್ನು ಗಾಡಿಯಿಂದ ಸರಕು ಇಳಿಯಬೇಕು, ಬಳಿಕ ಅದನ್ನು ತೂಕದ ಕಟ್ಟೆಗೆ ಒಯ್ಯಬೇಕು, ಅಲ್ಲಿಂದ ಐದನೆಯ ಬಾಗಿಲಿಗೆ ತಂದು ಮತ್ತೆ ತುಂಬಿಸಬೇಕು. ಒಂದೊಂದಕ್ಕೂ ಗಂಟೆಗಟ್ಟಲೆ ಕಾಯಬೇಕು. ಅದನ್ನು ನೆನೆದೇ ಅವನಿಗೆ ಆಕಳಿಕೆ ಬಂತು.

"ಸೂಪರ್‌ವೈಸರ್ ಸಾಹೇಬ್ರೇ, ಒಂದು ಮಾತು. ರಾತ್ರಿಯೆಲ್ಲ ಗಾಡಿ ಓಡಿಸ್ಕೊಂಡು ಬಂದು ಇಲ್ಲಿ ಹಿಂದೆ ಮುಂದೆ ಆಡಿಸೋಕೆ ನಮ್ಮ ಕೈಲಿ ಆಗಲ್ಲ. ಆ ಅರ್ಧ ಗೋಡೆ ಹೋಗಿದ್ದೇ ನಾವು ತೂಕಡಿಸಿದ್ದಕ್ಕೆ. ಇವರನ್ನ ಯಾರ್ಡೊಳಗೆ ಇಟ್ಕೊಳ್ಳಿ. ನಾವು ಗೇಟಲ್ಲಿ ಗಾಡಿ ಒಪ್ಪಿಸಿ ಮಲಗಿಬಿಡ್ತೀವಿ."

"ಆಗ್ಲೇ ಹಂಗೆ ಆಡ್ಕೊಂಡು ನಗ್ತಿದ್ದೆಯಲ್ಲೋ?"

"ನಗೋದು ಬೇರೆ, ನಿದ್ದೆ ಬೇರೆ. ನಿಧಾನ ಆದ್ರೂ ಎಚ್ಚರವಾಗಿದ್ದಾರಲ್ಲ, ಅಷ್ಟು ಸಾಕು."

ಗೇಟಿನ ಹೊರಗೆ ಇನ್ನೆರಡು ಲಾರಿಗಳು ಹಾರನ್ ಹೊಡೆದವು. ಸೂಪರ್‌ವೈಸರ್ ಕೂಗಿದ: "ಯಜಮಾನ್ರೇ, ನಿಲ್ಲಿ! ಯಾರ್ಡೊಳಗೆ ಗಾಡಿ ಆಡಿಸ್ತೀರಾ? ಗೇಟಿಂದ ಕಟ್ಟೆಗೆ, ಕಟ್ಟೆಯಿಂದ ತೂಕಕ್ಕೆ. ಗಾಡಿ ಮೂತಿ ಗೇಟಿನ ಆಚೆ ಹೋಗಬಾರದು. ಒಪ್ಪಿಗೆಯಾ?"

ನೂಲಣ್ಣ ಗೇಟಿನ ಬಳಿಯೇ ನಿಂತು ತಿರುಗಿದ. ಅವನು ಕೇಳಿದ್ದು ರಸ್ತೆ, ಇವರು ಕೊಡುತ್ತಿದ್ದದ್ದು ಅಂಗಳ. "ಮುಂದೆ ಯಾವತ್ತಾದ್ರೂ ಹೊರಗೆ ಬಿಡ್ತೀರಾ?" ಎಂದು ಕೇಳಿದ.

"ಮುಂದಿನ ಮಾತು ಮುಂದೆ. ನಾನು ಸುಳ್ಳು ಹೇಳಲ್ಲ."

ಸುಳ್ಳು ಭರವಸೆ ಕೊಡದಿದ್ದದ್ದೇ ನೂಲಣ್ಣನಿಗೆ ಸ್ವಲ್ಪ ಸಮಾಧಾನವಾಯಿತು. ಹಿಂದಿರುಗಿ ಬಂದ. "ಒಪ್ಪಿಗೆ," ಎಂದ.

ಸರಕು ಇಳಿದ ಮೇಲೆ ಬ್ಯಾಟರಿ ಬೀಗದ ಕೈಯನ್ನು ಮತ್ತೆ ನೂಲಣ್ಣನಿಗೆ ಕೊಟ್ಟು ತಾನೂ ಗಾಡಿ ಹತ್ತಿದ. ಡ್ರೈವರ್ ಸೀಟಿನ ಹಿಂದಿನ ಹಲಗೆಯ ಮೇಲೆ ಹೊದಿಕೆ ಎಳೆದುಕೊಂಡು, "ಇಳಿದು ನೋಡೋದು ಎಷ್ಟು ಸಲ ಬೇಕಾದ್ರೂ ನೋಡಿ ಗುರುವೇ, ಬಾಗಿಲು ಮಾತ್ರ ದಢಾರ್ ಅನ್ನಿಸಬೇಡಿ," ಎಂದವನು ಮಾತು ಮುಗಿಸುವಷ್ಟರಲ್ಲಿ ಗೊರಕೆ ಹೊಡೆಯತೊಡಗಿದ. ಆ ಮಧ್ಯಾಹ್ನವೆಲ್ಲ ನೂಲಣ್ಣ, ಬೆನ್ನ ಹಿಂದೆ ಒಬ್ಬರಲ್ಲ ಒಬ್ಬರ ಗೊರಕೆಯನ್ನು ಕೇಳುತ್ತ, ಬ್ರೇಕನ್ನು ಅಂಗಾಲಿನಿಂದ ಸವರುವಂತೆ ತುಳಿಯುತ್ತ, ಲಾರಿಗಳನ್ನು ಅತ್ತಿಂದಿತ್ತ ಸಾಗಿಸಿದ. ಹತ್ತಿ ಇಳಿದು, ಹತ್ತಿ ಇಳಿದು ಮಂಡಿಗಳು ಕಳಚಿ ಬಂದಂತಾದವು. ಹೊಸ ಗಾಡಿ ಒಳಗೆ ಬರಲೆಂದು ಗೇಟು ತೆರೆದಾಗಲೆಲ್ಲ ಆಚೆಯ ರಸ್ತೆ ಒಂದು ಗಳಿಗೆ ಕಾಣಿಸುತ್ತಿತ್ತು. ಅವನು ನೋಡುತ್ತಿದ್ದ, ಗೇಟು ಮುಚ್ಚಿದ ಮೇಲೆ ಕನ್ನಡಿಯ ಕಡೆ ತಿರುಗುತ್ತಿದ್ದ.

ಸಂಜೆ ಮನೆಗೆ ಬಂದಾಗ ಭಾಮೈದ ಮೊದಲೇ ಬಂದು ಕುಳಿತಿದ್ದ. ನಡೆದದ್ದನ್ನೆಲ್ಲ ಕೇಳಿ ಅವನಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ.

"ಅಂದ್ರೆ ಗೇಟಿನ ಒಳಗೇ ಲಾರಿ ಓಡಿಸೋದಾ? ಎಲ್ಲಿಗೂ ಹೋಗೋದೇ ಇಲ್ವಾ? ಇದಕ್ಕಿಂತ ನಾನು ಹೇಳಿದ್ದು ವಾಸಿಯಲ್ವಾ ಭಾವ? ನೆರಳಾದ್ರೂ ಇತ್ತು."

"ನೀನು ಹೇಳಿದ್ದು ಒಳ್ಳೇದಕ್ಕೇ ಕಣಯ್ಯ," ಎಂದ ನೂಲಣ್ಣ ಗೋಡೆಗೆ ಒರಗುತ್ತ. "ಆದ್ರೆ ಕೆಲಸ ಆಗಿದೆ, ಬೇರೆ ಯಾರಿಗಾದ್ರೂ ಕೊಡ್ಲಿ ಅಂತ ಅವರಿಗೆ ಹೇಳಿಬಿಡು."

"ಏನು ಕೆಲಸ ಅಂತ ಕೇಳಿದ್ರೆ?"

ನೂಲಣ್ಣ ಜೇಬಿನಲ್ಲಿದ್ದ ಲೈಸೆನ್ಸನ್ನು ಮುಟ್ಟಿ ನೋಡಿಕೊಂಡ. ಹೆಂಡತಿ ಕೈಯಲ್ಲಿದ್ದ ಅಂಗಿಯನ್ನು ತೊಡೆಯ ಮೇಲೆ ಇಳಿಸಿ ಅವನ ಮುಖವನ್ನೇ ನೋಡುತ್ತಿದ್ದಳು.

"ಲಾರಿ ಡ್ರೈವರ್ ಅನ್ನು," ಎಂದ. "ಸುಳ್ಳೇನಲ್ಲವಲ್ಲ."

"ಸುಳ್ಳೇನಲ್ಲ," ಎಂದಳು ಹೆಂಡತಿ. ಎದ್ದು ಒಲೆಯ ಮೇಲೆ ನೀರಿಟ್ಟು, ಅವನ ಕಾಲು ತೊಳೆಯಲು ಬಿಸಿನೀರು ತಂದಳು. ತರುವಷ್ಟರಲ್ಲಿ ನೂಲಣ್ಣ ಗೋಡೆಗೆ ಒರಗಿದಂತೆಯೇ, ಬಾಯಿ ತುಸು ತೆರೆದು, ಗಾಢವಾಗಿ ನಿದ್ದೆ ಹೋಗಿದ್ದ.