ಗಂಗವ್ವನ ಕರಿಹಲಗಿ

ಇವತ್ತ ಮಧ್ಯಾಹ್ನ ಸಾಲಿ ಗಂಟಿ ಹೊಡದ ಮ್ಯಾಲ ಪರ್ಸಿನಾಗ ಕೈ ಹಾಕಿದ್ರ ಸೀಮೆಸುಣ್ಣದ ತುಂಡು ಸಿಕ್ಕಿತು. ಆ ಪುಡಿ ವಾಸನಿ ಮೂಗಿಗೆ ಬಡದದ್ದೇ ತಡ, ಸಿಟ್ಟು ನೆತ್ತಿಗೇರಿತು. ಸುಣ್ಣದ ವಾಸನಿಗೆ ಸಿಟ್ಟಿಗೇಳೂ ಟೀಚರ್ ಎಂಥಾಕಿ ಅಂತ ನಗಬ್ಯಾಡ್ರಿ, ಕೇಳ್ರಿ.

ಮನಗೂಳಿ ಬಸ್‌ಸ್ಟ್ಯಾಂಡ್ ಹತ್ರ ಗಂಗವ್ವನ ಖಾನಾವಳಿ. ಮುಂಜಾನೆ ಲಗೂನ ಎದ್ದು ಡಬ್ಬಿ ಕಟ್ಟೂದು ನನ್ನ ಕೈಲಿ ಆಗದ ಮಾತು. ಇದು ನನ್ನ ಗಂಡಗೂ ಗೊತ್ತೈತಿ, ಬಾಗೇವಾಡಿ ಬಸ್ಸಿನ ಕಂಡಕ್ಟರಗೂ ಗೊತ್ತೈತಿ. ಹಿಂಗಾಗಿ ಮಧ್ಯಾಹ್ನದ ಊಟ ಅಲ್ಲೇ. ಗಂಗವ್ವಗ ಅಕ್ಷರ ಬರೂದಿಲ್ಲ, ಆದ್ರ ಟೀವಿ ಸುದ್ದಿ ಒಂದೂ ಬಿಡಾಕಿ ಅಲ್ಲ. ಬಾಗಲದಾಗ ಒಂದು ಕರಿಹಲಗಿ. ಆಕಿ ರೊಟ್ಟಿ ಬಡಕೋತ ಹೇಳಾಕಿ, ನಾನು ಬರಿಯಾಕಿ.

"ಬರೀರಿ ಅಕ್ಕೋರ. ಇವತ್ತಿನ ಪಲ್ಯಾ ಬದನಿಕಾಯಿ. ಪಕ್ಷ ಬದಲಿಸಿದಂಗ ಪಲ್ಯಾ ಬದಲಿಸಬ್ಯಾಡ್ರಿ, ತಾಟಿಗೆ ಹಚ್ಚಿದ್ದು ವಾಪಸ್ ತಗೊಳಾಂಗಿಲ್ಲ."

ಸಿಂದಗಿ ಕಡೆ ಹೋಗೂ ಲಾರಿಯವರು ಹಲಗಿ ಓದಾಕಂತ ಗಾಡಿ ನಿಲ್ಲಿಸವರು. ಮಾತು ಆಕೀದು, ಜಂಬ ಮಾತ್ರ ನಂದು. ಅಕ್ಷರ ದುಂಡಗ ಅದಾವ ಅಂತ ಯಾರಾದ್ರೂ ಅಂದ್ರ ಆವತ್ತ ಒಂದು ರೊಟ್ಟಿ ಹೆಚ್ಚಿಗಿ ಉಣ್ಣತಿದ್ದೆ.

ಹೋದ ವರ್ಷ ಓಣಿ ನೀರಿನ ಟಾಕಿಗೆ ನಮ್ಮ ಎಮ್ಮೆಲ್ಲೆ ಸಾಹೇಬರು ಮತ್ತ ಗುದ್ದಲಿಪೂಜಾ ಮಾಡಿದ್ರು. ಗಂಗವ್ವ ಬರಸಿದಳು: "ಮೂರನೇ ಗುದ್ದಲಿಪೂಜಾ. ಗುದ್ದಲಿ ಸವದೈತಿ, ಟಾಕಿ ಎದ್ದಿಲ್ಲ. ಕೈ ತೊಳಿಯಾಕ ನೀರು ನಿಮ್ಮ ಮನಿಯಿಂದ ತರ್ರಿ." ಯಾರೋ ಫೋಟೊ ಹೊಡದು ಮೊಬೈಲಿನಾಗ ಹರಿಬಿಟ್ರು. ಮರುದಿನ ಊಟದ ಹೊತ್ತಿಗೇ ಸಾಹೇಬರ ಮಂದಿ ನಾಕು ಜನ ಬಂದ್ರು.

"ಯಾರು ಬರದಿದ್ದು ಇದನ್ನ?"

ನನ್ನ ಬಾಯಾಗ ತುತ್ತಿತ್ತು. ಸರಕಾರಿ ನೌಕರಿ ನೆನಪಾತು. ತಲಿ ತಾಟಿಗೆ ಬಗ್ಗಿಸಿದೆ.

"ನಾನೇ ಬರದೇನ್ರಿ," ಅಂದಳು ಗಂಗವ್ವ.

"ಹೌದಾ? ಹಂಗಾದ್ರ ಈಗ ಬರದು ತೋರಸು."

ಹಿಟ್ಟು ಹತ್ತಿದ ಕೈಯಾಗ ಸುಣ್ಣ ಹಿಡದು ಆಕಿ ಒಂದು ಸೊಟ್ಟ ಗೆರಿ ಎಳದಳು, ಅಲ್ಲಿಗೇ ನಿಂತಳು. ಅವರು ಹೋ ಅಂತ ನಕ್ಕರು. ದಿನಾ ಹಲಗಿ ಓದಿ ನಗತಿದ್ದ ಗಿರಾಕಿಗಳೂ ನಕ್ಕರು, ಅದೇ ಬಾಯಿಲೆ! ಗಂಗವ್ವ ಸೆರಗಿಲೆ ಹಲಗಿ ಒರಿಸಿದಳು. ನನ್ನ ಕಡೆ ಒಮ್ಮೆನೂ ನೋಡಲಿಲ್ಲ. ನೋಡಿದ್ರ ಬರದಾಕಿ ಯಾರು ಅಂತ ಅವರಿಗೆ ತಿಳೀತಿತ್ತಲ್ಲ.

ಥೂ, ನನ್ನ ಜಲ್ಮಕ್ಕಿಷ್ಟು! ಹುಡುಗರಿಗೆ ಖರೇ ಮಾತಾಡ್ರಿ ಅಂತ ಗಂಟಲ ಹರಕೊಳ್ಳಾಕಿ ನಾನು. ಮರುದಿನದಿಂದ ಲಗೂನ ಎದ್ದು ಡಬ್ಬಿ ಕಟ್ಟಿದೆ. ನಾಚಿಕಿ ಅಂದ್ರ ನಿದ್ದಿನೂ ಬಿಡಸತೈತಿ ನೋಡ್ರಿ.

ಇವತ್ತ, ಆಕಿ ಹಲಗಿಗೆ ಬರೀತಿದ್ದ ಆ ಹಳೇ ಸುಣ್ಣ ಮುಷ್ಟ್ಯಾಗ ಹಿಡಕೊಂಡು ನೆಟ್ಟಗ ಖಾನಾವಳಿಗೆ ಹೋದೆ. ಬಾಗಲದಾಗ ಹುಟ್ಟುಹಬ್ಬದ ಬ್ಯಾನರ್, ಅದರಾಗ ಸಾಹೇಬರು ಹಲ್ಲು ಕಿಸಕೊಂಡು ನಿಂತಿದ್ರು.

"ಹಲಗಿ ಎಲ್ಲೈತಿ, ಗಂಗವ್ವಾ?"

"ಹಿಟ್ಟಿನ ಡಬ್ಬಿಗೆ ಮುಚ್ಚೇನ್ರಿ. ಯಾಕ್ರಿ?"

ತಂದು ಒರಿಸಿ ಬ್ಯಾನರಿನ ಕೆಳಗ, ಬಾಗಲಕ್ಕ ಆನಿಸಿದೆ. "ಹೇಳು. ಮೂರನೇ ಗುದ್ದಲಿಪೂಜಾ..."

ಆಕಿ ನನ್ನ ಮಾರಿ ನೋಡಿದಳು. ಆಮ್ಯಾಲ ಮೆಲ್ಲಕ ಅಂದಳು: "ಮೂರಲ್ರಿ ಅಕ್ಕೋರ. ಈಗ ನಾಕ ಆಗ್ಯಾವು."

ಬರದೆ. ಕೆಳಗ ಇನ್ನೊಂದು ಸಾಲು ಬರದೆ.

"ನಾ ಹೇಳಿದ್ದು ಮುಗೀತಲ್ಲ, ಅದೇನ್ರಿ ಮತ್ತ?"

"ನನ್ನ ಹೆಸರು. ಸಾಲಿ ಹೆಸರು."

ಆಕಿ ಹಂಚಿನ ಮ್ಯಾಲಿನ ರೊಟ್ಟಿ ತಿರುವಿ ಹಾಕಿದಳು. "ಊಟ ಒಳಗ ಹಚ್ಚಲೇನ್ರಿ?"

"ಬ್ಯಾಡ. ಇಲ್ಲೇ ಹೊರಗ ಹಚ್ಚು, ಹಲಗಿ ಬಾಜೂಕ."