ಬಾಗಿಲಿಗೆ ಬಂದ ಕೆರೆ

ನಾನು ಸಮುದ್ರ ನೋಡಿದ್ದು ಕ್ಯಾಲೆಂಡರಿನಲ್ಲಿ ಮಾತ್ರ. ಆದರೂ ರಿಟೈರಾದ ಮೇಲೆ ಸಮುದ್ರದ ದಂಡೆಯಲ್ಲೊಂದು ಮನೆ ಕಟ್ಟಬೇಕೆಂದು, ತುಮಕೂರಿನ ಆಫೀಸಿನಲ್ಲಿ ಫೈಲು ಮುಂದಿಟ್ಟುಕೊಂಡು ಎಷ್ಟೋ ಮಧ್ಯಾಹ್ನ ಕನಸು ಕಂಡಿದ್ದೇನೆ. ನನ್ನ ಹೆಂಡತಿ ಸರೋಜ, "ಅಷ್ಟು ದೂರ ಯಾಕ್ರೀ? ಗುಬ್ಬಿ ಕಡೆ ಕೆರೆ ಇಲ್ವಾ?" ಎಂದು ಸಮುದ್ರವನ್ನು ಒಂದೇ ಮಾತಿನಲ್ಲಿ ಬತ್ತಿಸಿಬಿಟ್ಟಳು.

ಸರಿ, ಗುಬ್ಬಿಯಾಚೆ ಒಂದು ಕೆರೆಯಂಚಿನ ದಿಬ್ಬ ಕೊಂಡೆವು. ಆಗ ಕೆರೆಯಲ್ಲಿ ಎಮ್ಮೆ ಮುಳುಗುವಷ್ಟೂ ನೀರಿರಲಿಲ್ಲ. ಸಿಮೆಂಟಿಗೆ ಪರ್ಮಿಟ್ಟು ಬೇಕಿದ್ದ ಕಾಲ. ಹಾಗಾಗಿ ನಾವಿಬ್ಬರೇ ಮಣ್ಣು ತುಳಿದು ಗೋಡೆ ಎಬ್ಬಿಸಿದೆವು, ಹೆಂಚು ಹೊದಿಸಿದೆವು. ಜಗಳವಾದದ್ದು ತಳಪಾಯಕ್ಕೆ. ನನ್ನ ಮಂಡಿಗೆ ಒಂದೇ ಮೆಟ್ಟಿಲು ಸಾಕಿತ್ತು. ಅವಳದು ಬೇರೆ ಹಟ: "ಸೊಪ್ಪು ಸೋಸೋಕೆ, ಹೋಗೋ ಬರೋರ್ನ ಮಾತಾಡ್ಸೋಕೆ ನಾಕು ಮೆಟ್ಲಾದ್ರೂ ಬೇಡ್ವೇನ್ರೀ?" ಅಲ್ಲಿ ಹೋಗುವವರೂ ಇರಲಿಲ್ಲ, ಬರುವವರೂ ಇರಲಿಲ್ಲ. ಗೊಣಗುತ್ತಾ ಕಲ್ಲು ಹೊತ್ತೆ.

ಮೂರನೇ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಒಂದು ಬೆಳಗ್ಗೆ ಎದ್ದು ನೋಡಿದರೆ ದಿಬ್ಬದ ಸುತ್ತಲೂ ನೀರು, ನಾವು ದ್ವೀಪವಾಸಿಗಳಾಗಿದ್ದೆವು. ಕೇಳಿದ್ದಕ್ಕಿಂತ ಹೆಚ್ಚು ಕೊಡುವ ದೇವರ ಹತ್ತಿರ ಸ್ವಲ್ಪ ಹುಷಾರಾಗಿರಬೇಕು. ಮಧ್ಯಾಹ್ನದ ಹೊತ್ತಿಗೆ ಮೂರು ಮೆಟ್ಟಿಲು ಮುಳುಗಿದ್ದವು. ಉಳಿದದ್ದು ಒಂದೇ. ಅದರ ಮೇಲೆ ಮಣ್ಣಿನ ಗೋಡೆ. ನೀರು ಮುಟ್ಟಿದರೆ ಬೆಲ್ಲದಂತೆ ಕರಗುವಂಥದ್ದು. ಸರೋಜ ಅಕ್ಕಿ, ಉಪ್ಪಿನಕಾಯಿ ಜಾಡಿ ಅಟ್ಟಕ್ಕೇರಿಸಿದಳು. ನಾನು ಟ್ರಾನ್ಸಿಸ್ಟರ್ ತಬ್ಬಿಕೊಂಡು ನಿಂತಿದ್ದೆ. ನಿಜವಾಗಿಯೂ ಭಯವಾಗಿತ್ತು. ಇನ್ನೊಂದು ಮನೆ ಕಟ್ಟುವ ಕಸುವು ನಮ್ಮಿಬ್ಬರಲ್ಲೂ ಇರಲಿಲ್ಲ.

ಅಷ್ಟರಲ್ಲಿ ಕೂಗಳತೆಯ ಏರಿಯ ಮೇಲಿಂದ ಕೆರೆ ಕಾಯುವ ನೀರುಗಂಟಿಯ ದನಿ ಬಂತು: "ಕೋಡಿ ಬಿತ್ತು ಸ್ವಾಮೀ! ಇನ್ನ ನೀರು ಮ್ಯಾಕ್ಕೆ ಬರಾಕಿಲ್ಲ, ಹೆದ್ರುಕೋಬ್ಯಾಡಿ ಬುಡಿ!"

ತುಂಬಿದ ಕೆರೆ ಹೆಚ್ಚಾದ ನೀರನ್ನು ಕೋಡಿಯಿಂದ ಆಚೆಗೆ ಹರಿಸುತ್ತದೆ. ಆ ಮಟ್ಟ ದಾಟಿ ಏರುವುದಿಲ್ಲ. ಕೆರೆ ಕಟ್ಟಿಸಿದ ಯಾವ ಪುಣ್ಯಾತ್ಮನೋ, ನಾವು ಹುಟ್ಟುವ ಎಷ್ಟೋ ಮೊದಲೇ, ನೀರಿಗೆ 'ಇಷ್ಟೇ' ಎಂದು ಹೇಳಿಟ್ಟಿದ್ದ. ನಾನು ನಾಲ್ಕನೇ ಮೆಟ್ಟಿಲ ಮೇಲೆ ಕೂತು, ಕಾಲನ್ನು ನೀರಿಗಿಳಿಬಿಟ್ಟು, ಹುಚ್ಚನ ಹಾಗೆ ನಕ್ಕೆ.

ಸರೋಜ ಒಳಗಿನಿಂದ ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ರವಿಕೆ ಕಣ ಇಟ್ಟು ತಂದಳು. ಕೆರೆ ತುಂಬಿದರೆ ಬಾಗಿನ ಕೊಡಬೇಕಲ್ಲ.

"ಸ್ವಲ್ಪ ಸರೀರಿ. ಎಲ್ರೂ ಕೆರೆ ಹತ್ರ ಹೋಗ್ತಾರೆ, ನಮ್ಮನೇಗೆ ಅದೇ ಬಂದಿದೆ. ಬರಿಗೈಲಿ ಕಳ್ಸೋಕಾಗತ್ತಾ? ಮೆಟ್ಲಿದ್ರೆ ಯಾರಾದ್ರೂ ಬರ್ತಾರೆ ಅಂತ ಹೇಳಿರ್ಲಿಲ್ವಾ!"

ಸರಿದು ಕೂತೆ. ಸಮುದ್ರದ ಆಸೆಯನ್ನು ಆವತ್ತೇ ಬಿಟ್ಟೆ. ಸಮುದ್ರಕ್ಕೆ ಕೋಡಿ ಇಲ್ಲ.