ಹೊತ್ತಿಕೊಳ್ಳದ ಹೀಟರು, ಹನ್ನೊಂದು ತಲೆಗಳು

ಮಾರ್ವಾ ಶಾಫರ್ ಹುಟ್ಟಿದ್ದು, ಬೆಳೆದದ್ದು, ಎರಡು ಸಲ ಮದುವೆಯಾದದ್ದು, ಎರಡು ಸಲವೂ ಬಿಡುಗಡೆ ಪಡೆದದ್ದು, ಎಲ್ಲವೂ ನೆಬ್ರಾಸ್ಕಾದ ಒಂದೇ ಬೀದಿಯಲ್ಲಿ. ಆ ಬೀದಿಯ ಮನೆಯ ಮುಂದಿನ ಕೋಣೆಯಲ್ಲಿ ನಲವತ್ತೊಂದು ವರ್ಷ ಅವಳು ಊರ ಹೆಂಗಸರ ಕೂದಲು ಕತ್ತರಿಸಿದಳು, ಗುಂಗುರು ಮಾಡಿದಳು, ಬಣ್ಣ ಹಚ್ಚಿದಳು. ಯಾರ ಗಂಡ ಕುಡಿಯುತ್ತಾನೆ, ಯಾರ ಮಗಳು ಯಾರ ಜೊತೆ ಸುತ್ತುತ್ತಾಳೆ ಎಂಬುದೆಲ್ಲ ಅವಳ ಕಿವಿಗೆ ಬೀಳುತ್ತಿತ್ತು. ಕಿವಿಗೆ ಬಿದ್ದದ್ದು ಬಾಯಿಗೆ ಮಾತ್ರ ಎಂದೂ ಬರಲಿಲ್ಲ.

ಅರವತ್ತೇಳನೆಯ ವಯಸ್ಸಿನಲ್ಲಿ, ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಬಾಗಿಲ ಮುಂದಿನ ಹಿಮವನ್ನು ಸಲಿಕೆಯಲ್ಲಿ ಎತ್ತಿ ಎತ್ತಿ ಹಾಕುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ಸಾಕೆನ್ನಿಸಿತು. ಸಲಿಕೆಯನ್ನು ಹಿಮದಲ್ಲೇ ನೆಟ್ಟು ಒಳಗೆ ಹೋಗಿ ಮನೆ ಮಾರುವ ಏಜೆಂಟನಿಗೆ ಫೋನ್ ಮಾಡಿದಳು. ಬೇಸಿಗೆ ಮುಗಿಯುವುದರೊಳಗೆ ಮನೆ ಹೋಗಿ ಇಪ್ಪತ್ತೆಂಟು ಅಡಿ ಉದ್ದದ ಹಳೆಯ ಗಾಡಿಮನೆ ಬಂದಿತ್ತು. ಮುಂದೆ ಸ್ಟೀರಿಂಗು, ಹಿಂದೆ ಹಾಸಿಗೆ, ನಡುವೆ ಒಲೆ, ಕಕ್ಕಸು, ಪಕ್ಕೆಯಲ್ಲಿ ಗ್ಯಾಸಿನ ಟ್ಯಾಂಕು. ಮೊದಲ ದಿನವೇ ಅದನ್ನು ಹಿಂದಕ್ಕೆ ತೆಗೆಯಲು ಹೋಗಿ ತಾನು ಮಾರಿದ ಮನೆಯ ಅಂಚೆ ಡಬ್ಬಿಯನ್ನೂ ಪಕ್ಕದ ಮನೆಯ ಡಬ್ಬಿಯನ್ನೂ ಬುಡಸಮೇತ ಕಿತ್ತಳು. ಬೀದಿಯ ಜನ ಓಡಿಬಂದು ನೋಡಿದರೆ ಮಾರ್ವಾ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳಂತೆ.

ಅಂದಿನಿಂದ ಪ್ರತಿ ಚಳಿಗಾಲ ಅರಿಜೋನಾದ ಮರುಭೂಮಿಯಲ್ಲೇ ಅವಳ ಬಿಡಾರ. ಕ್ವಾರ್ಟ್ಸೈಟ್ ಊರಿನ ಹೊರಗೆ, ಜಲ್ಲಿಕಲ್ಲಿನ ಬಯಲಿನಲ್ಲಿ, ಉತ್ತರದ ಚಳಿಗೆ ಹೆದರಿ ಇಳಿದುಬಂದ ಮುದುಕ ಮುದುಕಿಯರ ನೂರಾರು ಗಾಡಿಮನೆಗಳು ನಿಲ್ಲುತ್ತವೆ. ಮಾರ್ವಾ ಇದ್ದ ಗುಂಪಿನಲ್ಲಿ ಇಪ್ಪತ್ತೋ ಇಪ್ಪತ್ತೆರಡೋ ಗಾಡಿಗಳು. ಅಲ್ಲಿನವರ ತಲೆಯೆಲ್ಲ ಅವಳ ಕೈಯಲ್ಲಿ. ಮೊದಲು ಗಾಡಿಯ ನೆರಳುಬಟ್ಟೆಯ ಕೆಳಗೆ ಕುರ್ಚಿ ಹಾಕಿ ಕತ್ತರಿಸುತ್ತಿದ್ದಳು. ಮೂರನೆಯ ವರ್ಷ ಡಿಸೆಂಬರಿನಲ್ಲಿ ಗಾಳಿ ಜೋರಾಗಿ, ಕತ್ತರಿಸಿದ ಕೂದಲು ಪಕ್ಕದವರ ಕಾಫಿಗೆ ಬೀಳತೊಡಗಿದ ಮೇಲೆ ಕುರ್ಚಿಯನ್ನು ಒಳಗೆ ಸಾಗಿಸಿದಳು.

ಆ ಜನವರಿಯಲ್ಲಿ ಒಂದು ಶನಿವಾರ ಮಧ್ಯಾಹ್ನ ಗುಂಪಿನವರೆಲ್ಲ ಸೇರಿ ಕುಣಿತ ಇಟ್ಟುಕೊಂಡಿದ್ದರು. ಅಕಾರ್ಡಿಯನ್ ನುಡಿಸುವವನೊಬ್ಬ, ಗಿಟಾರಿನವರಿಬ್ಬರು ಬರುವವರಿದ್ದರು. ಅಂದು ಬೆಳಿಗ್ಗೆ ಎಂಟು ಗಂಟೆಯಿಂದ ಶುರುವಾಗಿ, ಹನ್ನೊಂದು ಹೆಂಗಸರು ತಲೆಗೆ ನೀರು ಹಾಕಿಸಿಕೊಂಡು, ಸುರುಳಿ ಸುತ್ತಿಸಿಕೊಳ್ಳಲು ಮಾರ್ವಾಳಲ್ಲಿ ಸಮಯ ಗೊತ್ತುಮಾಡಿಕೊಂಡಿದ್ದರು. ಆರೂವರೆಗೆ ಎದ್ದ ಮಾರ್ವಾ ಗೋಡೆಯ ಮೇಲಿನ ಗ್ಯಾಸ್ ಹೀಟರಿನ ಗುಂಡಿ ತಿರುಗಿಸಿದಳು. ಫ್ಯಾನು ಗುಂಯ್ ಎಂದು ತಿರುಗಿತು. ಬಿಸಿ ಬರಲಿಲ್ಲ. ಸ್ವಲ್ಪ ಹೊತ್ತು ತಣ್ಣನೆಯ ಗಾಳಿ ಊದಿ ಫ್ಯಾನು ತಾನಾಗಿ ನಿಂತಿತು. ಮತ್ತೆ ತಿರುಗಿಸಿದಳು. ಮತ್ತೆ ಅದೇ ಕತೆ. ಹೊರಗೆ ಬಕೆಟ್ಟಿನ ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಆ ಚಳಿಯಲ್ಲಿ ಹನ್ನೊಂದು ಒದ್ದೆ ತಲೆಗಳನ್ನು ನೆನೆಸಿಕೊಂಡು ಅವಳಿಗೆ ನಡುಕವೂ ನಗುವೂ ಒಟ್ಟಿಗೆ ಬಂದವು.

ಗಾಡಿಮನೆ ರಿಪೇರಿಯವನಿಗೆ ಫೋನ್ ಮಾಡಿದರೆ ಅವನು ಪಾಳಿಯಲ್ಲಿ ಹತ್ತೊಂಬತ್ತು ಗಾಡಿಗಳಿವೆ, ಇನ್ನೆರಡು ವಾರವಾದರೂ ಆಗುತ್ತದೆ ಎಂದ. ಅಷ್ಟರಲ್ಲಿ ಮೊದಲ ಗಿರಾಕಿ ಐನೆಸ್ ಅರ್ಚುಲೆಟಾ, ತಲೆಗೆ ಉಣ್ಣೆಯ ಟೋಪಿ ಎಳೆದುಕೊಂಡು, ಕೈಯಲ್ಲಿ ಹಸಿಮೆಣಸು ತುಂಬಿ ಸುತ್ತಿದ ಬುರಿಟೊ ರೊಟ್ಟಿಗಳ ಬಿಸಿ ಪೊಟ್ಟಣ ಹಿಡಿದು ಮೆಟ್ಟಿಲು ಹತ್ತಿದಳು. ನ್ಯೂ ಮೆಕ್ಸಿಕೋದವಳು, ಮೂವತ್ತು ವರ್ಷ ಅಂಚೆ ಹಂಚಿದವಳು. ಆ ಹೆಂಗಸಿಗೆ ಅವಸರವೆಂಬುದೇ ಗೊತ್ತಿರಲಿಲ್ಲ. ಅವಳ ಹಿಂದೆಯೇ, ಯಾರೂ ಕರೆಯದಿದ್ದರೂ, ವೆಂಡಲ್ ಹಾಚ್‌ಕಿಸ್ ಬಂದ.

ವೆಂಡಲ್ ಐಡಹೋದಲ್ಲಿ ರೈಲು ಓಡಿಸಿದವನು. ಎಪ್ಪತ್ತನಾಲ್ಕು ವಯಸ್ಸು. ತಲೆಯ ಮೇಲೆ ಕಾಗೆಯಂಥ ಕಪ್ಪು ಕೂದಲು. ತಮ್ಮ ತಾಯಿಯ ಕಡೆಯವರಿಗೆ ಕೂದಲು ನೆರೆಯುವುದೇ ಇಲ್ಲ ಎಂದು ಹೊಸಬರು ಸಿಕ್ಕಾಗಲೆಲ್ಲ ಹೇಳುತ್ತಿದ್ದ. ಮೂರು ವಾರಕ್ಕೊಮ್ಮೆ ಮಂಗಳವಾರ ಬೆಳಿಗ್ಗೆ ಅವನು ಮಾರ್ವಾಳ ಗಾಡಿಗೆ ಬಂದರೆ ಅವಳು ಕಿಟಕಿಯ ಪರದೆಗಳನ್ನೆಲ್ಲ ಎಳೆಯುತ್ತಿದ್ದಳು. ಒಂದೂವರೆ ಗಂಟೆಯ ಮೇಲೆ ವೆಂಡಲ್ ಹೊಳೆಹೊಳೆಯುತ್ತ ಹೊರಗೆ ಬರುತ್ತಿದ್ದ. ಇಸ್ಪೀಟು ಆಡುತ್ತಾರೆ ಎಂದು ಕೆಲವರೂ, ಇಸ್ಪೀಟಲ್ಲ ಎಂದು ಹಲವರೂ ಮಾತಾಡಿಕೊಳ್ಳುತ್ತಿದ್ದರು. ಮಾರ್ವಾ ಆಡಿಕೊಳ್ಳಲು ಬಿಟ್ಟಿದ್ದಳು.

ವೆಂಡಲ್ ಗುಂಡಿ ತಿರುಗಿಸಿ, ಫ್ಯಾನಿನ ಸದ್ದು ಕೇಳಿ, ಡಾಕ್ಟರನಂತೆ ತಲೆಯಾಡಿಸಿದ.

"ಇದರೊಳಗಿನ ಸರ್ಕ್ಯೂಟ್ ಬೋರ್ಡು ಸತ್ತೋಗಿದೆ. ಹೊಸ ಹೀಟರ್ರೇ ಹಾಕಿಸ್ಬೇಕು."

"ಮೂಗು ಕಟ್ಟಿದ್ರೆ ತಲೆ ಬದಲಾಯಿಸ್ತಾರೇನೋ ವೆಂಡಲ್?" ಎಂದಳು ಮಾರ್ವಾ. "ಮೊದಲು ಕೂತ್ಕೊಂಡು ಬುರಿಟೊ ತಿನ್ನು."

ತಿನ್ನುತ್ತಲೇ ಐನೆಸ್ ಒಂದು ಮಾತು ಹೇಳಿದಳು. ಕಳೆದುಹೋದ ಕಾಗದವನ್ನು ಹುಡುಕಬೇಕಾದರೆ ಅದು ಹೊರಟ ಜಾಗದಿಂದ ಒಂದೊಂದೇ ಹೆಜ್ಜೆ ಬರಬೇಕು, ನಡುವೆ ಎಲ್ಲೂ ಹಾರಬಾರದು. ಗ್ಯಾಸನ್ನೂ ಹಾಗೇ ಹಿಂಬಾಲಿಸೋಣ ಎಂದಳು. ಮಾರ್ವಾಳಿಗೆ ಇದು ಹಿಡಿಸಿತು. ಟ್ಯಾಂಕಿನ ಮುಳ್ಳು ನೋಡಿದರು, ಅರ್ಧಕ್ಕಿಂತ ಮೇಲಿತ್ತು. ಗ್ಯಾಸು ಬಿಡುವ ಕವಾಟ ತೆರೆದೇ ಇತ್ತು. ಒಲೆ ಹಚ್ಚಿದರು, ನೀಲಿ ಉರಿ ಹೂವಿನಂತೆ ಅರಳಿತು. ಅಂದರೆ ಗ್ಯಾಸು ಒಳಗಿನ ತನಕ ಬರುತ್ತಿದೆ. ಒಲೆಯ ಮೇಲೆ ಕಾಫಿಗಿಟ್ಟು ಮುಂದುವರಿದರು. ಬ್ಯಾಟರಿ ಸೋತಿದ್ದರೆ ಫ್ಯಾನು ಮೆಲ್ಲಗೆ ತಿರುಗಿ ಹೀಟರು ಹೊತ್ತಿಕೊಳ್ಳುವುದಿಲ್ಲ ಎಂದ ವೆಂಡಲ್, ತನ್ನ ಮೀಟರು ತಂದು ಮುಟ್ಟಿಸಿದ. ಹನ್ನೆರಡೂವರೆ ವೋಲ್ಟಿನ ಮೇಲೆ ತೋರಿಸಿತು. ಬ್ಯಾಟರಿ ಗಟ್ಟಿಯಾಗಿಯೇ ಇತ್ತು. ಹೊಗೆ ಹೊರಹೋಗುವ ತೂತಿನಲ್ಲಿ ಕಣಜದ ಹುಳ ಗೂಡು ಕಟ್ಟಿರಬಹುದೆಂದು ಐನೆಸ್ ಹೊರಗೆ ಹೋಗಿ ಟಾರ್ಚು ಬಿಟ್ಟು ನೋಡಿ, ಏನಿಲ್ಲ, ಚೊಕ್ಕವಾಗಿದೆ ಎಂದಳು.

ಇಷ್ಟರಲ್ಲಿ ಏಳೂಮುಕ್ಕಾಲು. ಹೊರಗೆ ಮೂವರು ಹೆಂಗಸರು ಕಂಬಳಿ ಹೊದ್ದು ಸಾಲಾಗಿ ಕುರ್ಚಿ ಹಾಕಿ ಕೂತಿದ್ದರು. ಇನ್ನೂ ಮೂವರು ನಡೆದು ಬರುತ್ತಿದ್ದರು.

ಮಾರ್ವಾ ಕೊನೆಯ ಸಲ ಗುಂಡಿ ತಿರುಗಿಸಿ, ನೆಲಕ್ಕೆ ಕೂತು, ಗಾಳಿ ಹೊರಬರುವ ಜಾಲರಿಗೆ ಅಂಗೈ ಒಡ್ಡಿದಳು. ಫ್ಯಾನಿನ ಸದ್ದೇನೋ ದೊಡ್ಡದು. ಕೈಗೆ ತಗಲುವ ಗಾಳಿ ಮಾತ್ರ ಬೆಕ್ಕು ಉಸಿರಾಡಿದಷ್ಟು. ಇಂಥ ಗಾಳಿಯನ್ನು ಅವಳ ಅಂಗೈ ಮೊದಲೇ ಬಲ್ಲದು. ನಲವತ್ತೊಂದು ವರ್ಷ ಹೆಂಗಸರ ತಲೆಯ ಮೇಲೆ ಕವುಚಿದ ಡ್ರೈಯರುಗಳೂ ಹೀಗೆಯೇ ಮಾಡುತ್ತಿದ್ದವು: ಸದ್ದು ಹೆಚ್ಚಿ, ಗಾಳಿ ತಗ್ಗಿ, ಕಡೆಗೆ ತಾವೇ ಆರಿಹೋಗುತ್ತಿದ್ದವು. ಆಗ ಅವಳು ಹಿಂದಿನ ಮುಚ್ಚಳ ಬಿಚ್ಚುತ್ತಿದ್ದಳು.

"ವೆಂಡಲ್," ಎಂದಳು ಮೆಲ್ಲಗೆ, "ಬೆಂಕಿ ಹಚ್ಚೋಕೆ ಮುಂಚೆ ಟಿಕ್ ಟಿಕ್ ಅಂತ ಕಿಡಿ ಸದ್ದು ಬರ್ಬೇಕಲ್ಲ. ಅದು ಕೇಳಿಸ್ತಾ?"

ವೆಂಡಲ್ ನೆನೆಸಿಕೊಂಡು, ಇಲ್ಲ ಎಂದ. ಆಮೇಲೆ ಅವನಿಗೇ ಹೊಳೆಯಿತು. ಫ್ಯಾನಿನ ಬಾಯಲ್ಲಿ ಒಂದು ತಗಡಿನ ಪುಟ್ಟ ರೆಕ್ಕೆ ಇರುತ್ತದೆ. ಗಾಳಿ ಸಾಕಷ್ಟು ಬೀಸಿದರೆ ರೆಕ್ಕೆ ಒರಗಿ ಸ್ವಿಚ್ಚು ಒತ್ತುತ್ತದೆ. ಅದು ಒತ್ತುವ ತನಕ ಹೀಟರು ಗ್ಯಾಸು ಬಿಡುವುದಿಲ್ಲ, ಕಿಡಿಯನ್ನೂ ಹಾರಿಸುವುದಿಲ್ಲ. ಇದನ್ನು ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು. ಬೋರ್ಡು ಸತ್ತಿದೆ ಎಂದವನು ತಾನೇ ಅಲ್ಲವೇ.

ಒಲೆ ಆರಿಸಿದರು. ಟ್ಯಾಂಕಿನ ಕವಾಟ ಮುಚ್ಚಿದರು, ಬ್ಯಾಟರಿಯ ತಂತಿ ಕಳಚಿದರು. ಗೋಡೆಯ ಬುಡದಲ್ಲಿದ್ದ ಇನ್ನೊಂದು ಜಾಲರಿಯನ್ನು ಮಾರ್ವಾ ಬಿಚ್ಚಿದಳು. ಅವಳ ಗಿರಾಕಿಗಳು ಕೂರುವ ಕುರ್ಚಿಗೂ ಆ ಜಾಲರಿಗೂ ಗೇಣಿನಷ್ಟು ದೂರ. ಫ್ಯಾನು ಗಾಳಿಯನ್ನು ಒಳಗೆ ಸೆಳೆದುಕೊಳ್ಳುತ್ತಿದ್ದದ್ದು ಅಲ್ಲಿಂದಲೇ. ಫ್ಯಾನಿನ ಗೂಡಿನ ಸ್ಕ್ರೂ ತೆಗೆದು, ಸುರುಳಿ ಸುತ್ತುವ ಬಾಚಣಿಗೆಯ ಬಾಲವನ್ನು ಒಳಗೆ ತೂರಿಸಿ ಎಳೆದಳು. ಕೈಗೆ ಬಂದದ್ದು ಒಂದು ಟೋಪಿ. ಟೋಪಿಯೇ ಸರಿ, ಅಷ್ಟು ದಪ್ಪನೆಯ ಕೂದಲಿನ ಉಂಡೆ. ಹಿಂದೆಯೇ ಇನ್ನೊಂದು. ಆ ಪುಟ್ಟ ತಗಡಿನ ರೆಕ್ಕೆಗೆ ಕೂದಲು ನೂಲಿನಂತೆ ಸುತ್ತಿಕೊಂಡು ಅದು ಅಲುಗದಂತಾಗಿತ್ತು.

 ಮೊದಲು ಐನೆಸಳ ಭುಜ ಕುಲುಕಿತು. ಆಮೇಲೆ ಮಾರ್ವಾ ನೆಲಕ್ಕೇ ಒರಗಿ ನಗತೊಡಗಿದಳು. ಇಡೀ ಕ್ಯಾಂಪೇ ಅವಳ ಹೀಟರಿನೊಳಗೆ ಕೂತಿತ್ತು. ಉಂಡೆಯನ್ನು ಬಾಚಣಿಗೆಯಿಂದ ಬಿಡಿಸುತ್ತ ಅವಳು ಒಬ್ಬೊಬ್ಬರನ್ನೇ ಗುರುತು ಹಿಡಿದಳು: ಈ ಬೆಳ್ಳಿ ಬಣ್ಣ ಡಿಸೆಂಬರಿನಲ್ಲಿ ಕತ್ತರಿಸಿದ ಐನೆಸಳದು, ಈ ಕೆಂಚು ಓಹಾಯೋದ ಅಕ್ಕತಂಗಿಯರದು, ಅಕ್ಕನದು ಒರಟು, ತಂಗಿಯದು ನಯ, ಈ ತಿಳಿ ನೀಲಿ ಕ್ರಿಸ್‌ಮಸ್ಸಿನ ಹಿಂದಿನ ವಾರ ಒಬ್ಬಾಕೆ ಹಟ ಮಾಡಿ ಹಚ್ಚಿಸಿಕೊಂಡು ಅತ್ತದ್ದು. ಬಾಗಿಲಲ್ಲಿ ಇಣುಕಿದ್ದ ಹೆಂಗಸರು ತಮ್ಮ ತಮ್ಮ ಕೂದಲು ನೋಡಲು ನುಗ್ಗಿದರು. ಗಾಡಿ ತೊಟ್ಟಿಲಂತೆ ತೂಗಿತು.

ಐನೆಸ್ ಉಂಡೆಯಿಂದ ಒಂದು ಎಳೆ ಹಿರಿದು ಬೆಳಕಿಗೆ ಹಿಡಿದಳು. ಬುಡಸಮೇತ ಉದುರಿದ, ಕಾಡಿಗೆಯಂಥ ಕಪ್ಪು ಕೂದಲು. ಬುಡದ ತುದಿ ಮಾತ್ರ ಕಾಳಿನಷ್ಟು ಉದ್ದ ಹಾಲಿನಂತೆ ಬಿಳಿ.

"ಇದು ಯಾರದೇ ಮಾರ್ವಾ?"

ವೆಂಡಲ್ ಕೈಯಲ್ಲಿದ್ದ ಮೀಟರನ್ನೇ ನೋಡುತ್ತ ನಿಂತುಬಿಟ್ಟ. ಅವನ ಕಿವಿ ಕೆಂಪಾದದ್ದು ಮಾರ್ವಾಳಿಗೆ ಕಂಡಿತು.

"ಅದಾ," ಎಂದಳು ಮಾರ್ವಾ. "ಹೋದ ತಿಂಗಳು ಒಂದು ನಾಯಿಗೆ ಕತ್ತರಿಸಿದ್ದೆ."

"ನಾಯಿಗೆ ಬಣ್ಣ ಹಚ್ತಾರಾ?"

"ಮುದಿ ನಾಯಿ ಕಣೇ. ತಾನಿನ್ನೂ ಮರಿ ಅಂದ್ಕೊಂಡಿತ್ತು."

ವೆಂಡಲ್‌ಗೆ ಕೆಮ್ಮು ಬಂತು. ಗ್ಯಾಸು ನೋಡಿಬರುತ್ತೇನೆ ಎಂದು ಗೊಣಗಿ ಹೆಂಗಸರನ್ನು ತಳ್ಳಿಕೊಂಡು ಹೊರಗೆ ಓಡಿದ. ಐನೆಸ್ ಮಾರ್ವಾಳ ಮುಖವನ್ನು ನೋಡಿದಳು, ಬಾಗಿಲನ್ನು ನೋಡಿದಳು. ಮೂವತ್ತು ವರ್ಷ ಪರರ ಕಾಗದಗಳನ್ನು ಮುಚ್ಚಿದ ಲಕೋಟೆಯಲ್ಲೇ ಮುಟ್ಟಿಸಿದವಳು ಅವಳು. ಎಳೆಯನ್ನು ಕಸದ ಚೀಲಕ್ಕೆ ಹಾಕಿ, "ಪಾಪ, ಒಳ್ಳೆ ನಾಯಿ," ಎಂದಷ್ಟೇ ಹೇಳಿದಳು.

ರೆಕ್ಕೆಯನ್ನು ಚಿಮುಟದಿಂದ ಬಿಡಿಸಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಉಜ್ಜಿ, ಉಗುರಿನಿಂದ ತಳ್ಳಿ ನೋಡಿದರು. ಟಕ್ ಎಂದು ಒರಗಿತು, ಟಕ್ ಎಂದು ನೆಟ್ಟಗಾಯಿತು. ಎಲ್ಲವನ್ನೂ ಮತ್ತೆ ಜೋಡಿಸಿದರು. ಕವಾಟ ತೆರೆದ ಮೇಲೆ, ಒಳಗೆ ಇಷ್ಟೆಲ್ಲ ಕೈಯಾಡಿಸಿದ್ದಕ್ಕೆ, ಮಾರ್ವಾ ಶಾಂಪೂವಿನ ದಪ್ಪ ನೊರೆ ಮಾಡಿ ಗ್ಯಾಸಿನ ಕೊಳವೆಯ ಕೀಲುಗಳಿಗೆಲ್ಲ ಬಳಿದಳು. ಎಲ್ಲೂ ಗುಳ್ಳೆ ಏಳಲಿಲ್ಲ, ಸೋರುತ್ತಿಲ್ಲ ಎಂದಾಯಿತು. ಗಾಡಿಯೊಳಗೆ ಲ್ಯಾವೆಂಡರ್ ಪರಿಮಳ ತುಂಬಿತು.

ಗುಂಡಿ ತಿರುಗಿಸುವ ಹೊತ್ತಿಗೆ ಮಾರ್ವಾಳಲ್ಲದೆ ಒಳಗೆ ಏಳು ಜನ, ಮೆಟ್ಟಿಲ ಮೇಲೆ ನಾಲ್ವರು. ಫ್ಯಾನು ತಿರುಗಿತು. ಈ ಸಲ ಗಾಳಿ ಜಾಲರಿಯಿಂದ ಭರ್ರನೆ ನುಗ್ಗಿ ಒಬ್ಬಾಕೆಯ ಕಂಬಳಿಯನ್ನೇ ಎತ್ತಿತು.  ಟಿಕ್, ಟಿಕ್, ಟಿಕ್. ಆಮೇಲೆ ಗೋಡೆಯೊಳಗಿಂದ ಭುಸ್ಸೆಂದು ಉರಿ ಹೊತ್ತಿದ ಸದ್ದು. ಹೊತ್ತಿದ ಹಿಂದೆಯೇ, ಫ್ಯಾನಿನಾಚೆ ಉಳಿದಿದ್ದ ಚೂರುಪಾರು ಕೂದಲು ಕರಟಿ, ಲ್ಯಾವೆಂಡರನ್ನು ಅಡಗಿಸುವಂಥ ಗಬ್ಬು ಎದ್ದಿತು. ಹನ್ನೊಂದು ಹೆಂಗಸರು ಮೂಗು ಮುಚ್ಚಿಕೊಂಡು, ಬಿದ್ದು ಬಿದ್ದು ನಗುತ್ತ, ಬೇಡಿ ಬಯಸಿದ ಬಿಸಿಯೆಲ್ಲ ಹೊರಗೆ ಹೋಗುವಂತೆ ಕಿಟಕಿಗಳನ್ನು ತೆರೆದರು.

ಮಧ್ಯಾಹ್ನ ಎರಡರೊಳಗೆ ಮಾರ್ವಾ ಹನ್ನೊಂದು ತಲೆಗಳನ್ನೂ ಮುಗಿಸಿದಳು. ಅಷ್ಟು ಚೆನ್ನಾಗಿ ಅವಳು ಎಂದೂ ಮಾಡಿರಲಿಲ್ಲ. ಕೈ ಹಾಡಿನಂತೆ ಓಡಿತ್ತು. ಜಲ್ಲಿ ಗುಡಿಸಿ ಮಾಡಿದ ಅಂಗಳಕ್ಕೆ ಹನ್ನೊಂದು ಗೋಪುರಗಳು ನಡೆದುಬಂದಂತೆ ಹೆಂಗಸರು ಬಂದರು. ಅಕಾರ್ಡಿಯನ್ನಿನವನು ಪೋಲ್ಕಾ ಕುಣಿತದ ಮೊದಲ ಹಾಡು ಎತ್ತಿಕೊಂಡ. ಅದು ಅರ್ಧವಾಗುವಷ್ಟರಲ್ಲಿ ಪಶ್ಚಿಮದ ಗುಡ್ಡದ ಕಡೆಯಿಂದ ಮಣ್ಣಿನ ಗಾಳಿ ಎದ್ದಿತು. ಎರಡೇ ನಿಮಿಷ. ಗೋಪುರವೊಂದೂ ಉಳಿಯಲಿಲ್ಲ. ಸುರುಳಿಗಳು ಬಿಚ್ಚಿ, ಪಿನ್ನುಗಳು ಹಾರಿ, ಎಲ್ಲರೂ ಆಗತಾನೇ ಹಾಸಿಗೆಯಿಂದ ಎದ್ದವರಂತಾದರು. ಯಾರೂ ಕುಣಿತ ನಿಲ್ಲಿಸಲಿಲ್ಲ. ತನ್ನ ಆರು ಗಂಟೆಗಳ ಕೆಲಸ ಗಾಳಿಪಾಲಾದದ್ದನ್ನು ನೋಡುತ್ತ ಮಾರ್ವಾ ಐನೆಸಳ ಸೊಂಟ ಹಿಡಿದು ಗಿರಗಿರನೆ ತಿರುಗಿದಳು. ಮೊಣಕಾಲು ನೋಯುತ್ತಿತ್ತು, ನಿಲ್ಲಲು ಮನಸ್ಸಿರಲಿಲ್ಲ.

ಸೋಮವಾರ ಬೆಳಿಗ್ಗೆ ಬಯಲಿನ ಆಚೆ ತುದಿಯಿಂದ ಕೆನಡಾದ ಗಂಡಹೆಂಡಿರಿಬ್ಬರು ಮಾರ್ವಾಳನ್ನು ವಿಚಾರಿಸಿಕೊಂಡು ಬಂದರು. ಗಂಡ ಬೋಳುತಲೆಯವನು, ಹೆಂಡತಿ ತಲೆಗೆ ಬಟ್ಟೆ ಕಟ್ಟಿದ್ದಳು. ಕತ್ತರಿಯ ಪೆಟ್ಟಿಗೆಗೆ ಕೈಹಾಕಿದ ಮಾರ್ವಾಳನ್ನು ಆಕೆ ತಡೆದಳು.

"ಕೂದಲಿಗಲ್ಲಮ್ಮ. ನಮ್ಮ ಹೀಟರು ಟಿಕ್ ಟಿಕ್ ಅನ್ನತ್ತೆ, ಹತ್ತಲ್ಲ. ನೀವು ಹೀಟರಿನ ಡಾಕ್ಟರಂತೆ."

ತಾನು ಕ್ಷೌರದವಳು ಎಂದು ಮಾರ್ವಾ ಹೇಳಬೇಕೆಂದಿದ್ದಳು. ಬಾಯಿಗೆ ಬಂದದ್ದು ಬೇರೆ: ನಿಮ್ಮ ಒಲೆ ಹತ್ತುತ್ತದೆಯೇ? ಹತ್ತುತ್ತದೆ ಎಂದರು. ಟಿಕ್ ಟಿಕ್ ಎನ್ನುವುದಾದರೆ ರೆಕ್ಕೆ ಒರಗುತ್ತಿದೆ. ಹಾಗಾದರೆ ತೊಂದರೆ ಅದರ ಮುಂದಿನ ಹೆಜ್ಜೆಯಲ್ಲಿ. ಟಾರ್ಚು ತೆಗೆದುಕೊಂಡು, ಐನೆಸಳನ್ನೂ ವೆಂಡಲನನ್ನೂ ಕೂಗಿ ಕರೆದು, ಅವರ ಹಿಂದೆ ಬಯಲಿಗೆ ಇಳಿದಳು. ಗ್ಯಾಸು ಹೊಮ್ಮುವ ಸೂಜಿಮೊನೆಯಷ್ಟು ತೂತಿನಲ್ಲಿ ಜೇಡವೊಂದು ಬಲೆ ಕಟ್ಟಿತ್ತು. ಅದನ್ನು ಹುಡುಕಲು ಮೂವರಿಗೂ ಇಡೀ ಬೆಳಗು ಹಿಡಿಯಿತು. ಉರಿ ಹೊತ್ತಿದಾಗ ಆ ಬೋಳುತಲೆಯವನು ಮೂವರನ್ನೂ ಸಾಲಾಗಿ ಅಪ್ಪಿಕೊಂಡು, ಮಧ್ಯಾಹ್ನದ ಊಟಕ್ಕೆ ದೋಸೆಯಂಥ ಆಲೂಗಡ್ಡೆಯ ಪ್ಯಾನ್‌ಕೇಕ್ ಸುಡಲು ಒಳಗೆ ಹೋದ.